ಎಷ್ಟು ಚೀಲ ಹೋಯಿತು? – ವಾಲ್ಯೂಮ್ ನೋಡಿ ಷೇರಿನ ನಡೆ ಅಂದಾಜು ಮಾಡುವ ಬಗೆ

ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದೆ. ಟೆಂಡರ್ ಮುಗಿದ ಮೇಲೆ ಯಾವ ಲಾಟು ಯಾರಿಗೆ, ಎಷ್ಟಕ್ಕೆ ಹೋಯಿತು ಎಂದು ದೊಡ್ಡ ಪುಸ್ತಕಕ್ಕೆ ಇಳಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಹಿಂದಿನ ದಿನಕ್ಕಿಂತ ಕ್ವಿಂಟಲ್‌ಗೆ ಒಂಬೈನೂರು ರೂಪಾಯಿ ಹೆಚ್ಚು ಬಿತ್ತು. ಅಂಗಡಿಯ ಜಗಲಿಯ ಮೇಲೆ ಗುಸುಗುಸು ಶುರು. ಇಬ್ಬರು ಆಗಲೇ ಮನೆಗೆ ಫೋನ್ ಹಚ್ಚಿ, ಅಟ್ಟದ ಮೇಲಿನ ಚೀಲ ಇಳಿಸಬೇಡಿ ಎಂದು ಹೇಳಿಯೂ ಆಗಿತ್ತು. ನಮ್ಮ ಯಜಮಾನರು ಮಾತ್ರ ಕನ್ನಡಕ ಹಣೆಗೇರಿಸಿ ಕೇಳಿದರು: "ಆ ದರಕ್ಕೆ ಎಷ್ಟು ಚೀಲ ಹೋತು?"

ಪುಸ್ತಕ ನೋಡಿದೆ. ನಾಲ್ಕು ಚೀಲ. ಯಾರೋ ಖರೀದಿದಾರರಿಗೆ ಲಾರಿ ತುಂಬಲು ನಾಲ್ಕೇ ಚೀಲ ಕಡಿಮೆ ಬಿದ್ದಿತ್ತು, ಲಾರಿ ರಾತ್ರಿಯೇ ಹೊರಡಬೇಕಿತ್ತು, ಕಣ್ಣು ಮುಚ್ಚಿ ದರ ಬರೆದುಬಿಟ್ಟಿದ್ದರು. ಮರುದಿನ ಧಾರಣೆ ಇದ್ದಲ್ಲಿಗೇ ಬಂದು ಕೂತಿತು.

2016ರಲ್ಲಿ ಷೇರಿಗೆ ಕೈ ಹಾಕಿದಾಗ ನನ್ನ ಹತ್ತಿರ ಇದ್ದ ಬಂಡವಾಳ ಸ್ವಲ್ಪ ದುಡ್ಡು ಮತ್ತು ಯಜಮಾನರ ಈ ಒಂದು ಪ್ರಶ್ನೆ. ದುಡ್ಡು ಹೋಗಿದೆ, ಬಂದಿದೆ. ಪ್ರಶ್ನೆ ಹಾಗೆಯೇ ಇದೆ. ಚಾರ್ಟಿನ ಕೆಳಗೆ ಸಾಲಾಗಿ ನಿಂತ ಆ ಕಡ್ಡಿಗಳನ್ನು, ಅಂದರೆ ವಾಲ್ಯೂಮನ್ನು (ದಿನಕ್ಕೆ ಎಷ್ಟು ಷೇರು ಕೈ ಬದಲಾಯಿತು ಎಂಬ ಲೆಕ್ಕ), ನಾನು ಹೇಗೆ ಓದುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಲಹೆಗಾರನಲ್ಲ, ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದವನೂ ಅಲ್ಲ. ಯಾವ ಷೇರು ಕೊಳ್ಳಬೇಕೆಂದು ನನ್ನನ್ನು ಕೇಳಬೇಡಿ.

ಮೊದಲು ಒಂದು ತಪ್ಪು ತಿದ್ದಿಕೊಳ್ಳೋಣ. "ಇವತ್ತು ಮಾರುವವರಿಗಿಂತ ಕೊಳ್ಳುವವರೇ ಜಾಸ್ತಿ ಇದ್ದರು, ಅದಕ್ಕೇ ವಾಲ್ಯೂಮ್ ಅಷ್ಟಿದೆ" ಎನ್ನುವವರನ್ನು ದಿನಾ ನೋಡುತ್ತೇನೆ. ಒಂದು ಲಕ್ಷ ಷೇರು ವಹಿವಾಟಾಯಿತು ಎಂದರೆ ಒಂದು ಲಕ್ಷ ಮಾರಾಟವಾಗಿದೆ, ಅದೇ ಒಂದು ಲಕ್ಷ ಖರೀದಿಯೂ ಆಗಿದೆ. ಎರಡೂ ಯಾವತ್ತೂ ಸಮ. ಬದಲಾಗುವುದು ಆತುರ ಯಾರಿಗೆ ಎಂಬುದು. ಕೊಳ್ಳುವವನಿಗೆ ಆತುರವಾದರೆ ದರ ಮೇಲಕ್ಕೆ, ಮಾರುವವನಿಗೆ ಆತುರವಾದರೆ ಕೆಳಕ್ಕೆ. ಆ ದರವನ್ನು ಎಷ್ಟು ಮಾಲಿನ ಮಟ್ಟಿಗೆ ಎರಡೂ ಕಡೆಯವರು ಒಪ್ಪಿಕೊಂಡರು ಎಂಬುದನ್ನಷ್ಟೇ ವಾಲ್ಯೂಮ್ ಹೇಳುತ್ತದೆ. ಕಡ್ಡಿಯ ಹಸಿರು, ಕೆಂಪು ಬಣ್ಣವೂ ಕೊಂಡದ್ದು ಮಾರಿದ್ದು ಅಂತಲ್ಲ. ಆ ದಿನ ದರ ಏರಿ ಮುಗಿದಿದ್ದರೆ ಹಸಿರು, ಇಳಿದು ಮುಗಿದಿದ್ದರೆ ಕೆಂಪು, ಅಷ್ಟೇ.

ಅಡಿಕೆಯವರಿಗೆ ಇದನ್ನು ಬೇಗ ತಿಳಿಸಬಹುದು. ಆವಕ ಬೇರೆ, ವಿಕ್ರಿ ಬೇರೆ. ರೈತ ಚೀಲ ತಂದು ಸುರಿಯುತ್ತಾನೆ, ವ್ಯಾಪಾರಿಗಳು ಬಂದು ಒಂದೆರಡು ಅಡಿಕೆ ಒಡೆದು ನೋಡಿ ಟೆಂಡರ್ ಬರೆಯುತ್ತಾರೆ. ಬಿದ್ದ ದರ ರೈತನಿಗೆ ಹಿಡಿಸದಿದ್ದರೆ ಆ ಲಾಟು ಮತ್ತೆ ಚೀಲಕ್ಕೆ. ಅದು ಆವಕದಲ್ಲಿ ಸೇರಿತು, ವಿಕ್ರಿಯಲ್ಲಿ ಸೇರಲಿಲ್ಲ. ಷೇರುಪೇಟೆಯಲ್ಲಿ ಆ್ಯಪ್ ತೋರಿಸುವ ಬಿಡ್ (ಕೊಳ್ಳುವವರು ಕೇಳಿದ ದರ), ಆಫರ್ (ಮಾರುವವರು ಹೇಳಿದ ದರ) ಸಾಲುಗಳು ಆವಕದ ಹಾಗೆ. ಕಣ್ಣೆದುರೇ ಬರುತ್ತವೆ, ಹೋಗುತ್ತವೆ, ಕೆಲವು ತೋರಿಕೆಗೇ ಇಟ್ಟದ್ದಿರುತ್ತವೆ. ವಾಲ್ಯೂಮ್ ಎಂದರೆ ತಕ್ಕಡಿಗೆ ಏರಿದ ಮಾಲು. ನಾನು ಆ ಸಾಲುಗಳನ್ನು ನೋಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ನಮ್ಮೂರಲ್ಲಿ ಮಳೆಗಾಲದ ನೆಟ್‌ವರ್ಕ್‌ಗೆ ಅದು ಸಾಧ್ಯವೂ ಇಲ್ಲ. ಜುಲೈಯಲ್ಲಿ ಸಿಗ್ನಲ್ ಬೇಕೆಂದರೆ ಛತ್ರಿ ಹಿಡಿದು ಸೊಪ್ಪಿನಬೆಟ್ಟ ಹತ್ತಬೇಕು. ಹಾಗಾಗಿ ಇಲ್ಲಿ ಹೇಳುವುದೆಲ್ಲ ದಿನ ಮುಗಿದ ಮೇಲೆ ಮಾಡುವ ಕೆಲಸ. ಒಂದೇ ದಿನದಲ್ಲಿ ಕೊಂಡು ಮಾರುವ ಇಂಟ್ರಾಡೇ ಮಾಡುವವರಿಗೆ ಹೆಚ್ಚು ಉಪಯೋಗವಾಗಲಿಕ್ಕಿಲ್ಲ.

ಬೇಕಾಗುವ ಸಾಮಾನು: ಒಂದು ಉದ್ದ ಬೈಂಡಿನ ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಮತ್ತು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ವೆಬ್‌ಸೈಟು. ಪ್ರತಿ ಷೇರಿನ ದಿನದ ದರ, ವಾಲ್ಯೂಮ್ ಮತ್ತು ಅದರಲ್ಲಿ ಎಷ್ಟು ಡೆಲಿವರಿಗೆ ಹೋಯಿತು (ಅಂದೇ ಮಾರದೆ ಕೊಂಡವರ ಖಾತೆಗೆ ಸೇರಿತು) ಎಂಬ ಲೆಕ್ಕ ಅಲ್ಲಿ ಪುಕ್ಕಟೆ ಸಿಗುತ್ತದೆ. ಸಂಜೆ ಇಳಿಸಿಕೊಂಡರಾಯಿತು. ಹನ್ನೆರಡು ಷೇರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ನಾನು ಒಮ್ಮೆ ನಲವತ್ತು ಇಟ್ಟುಕೊಂಡಿದ್ದೆ, ಬರೆಯುವುದೇ ಆಯಿತು, ನೋಡುವುದಾಗಲಿಲ್ಲ.

ಪ್ರತಿ ಷೇರಿಗೂ ಅದರದೇ ಒಂದು ವಾಡಿಕೆಯ ವಾಲ್ಯೂಮ್ ಇರುತ್ತದೆ. ಅದನ್ನು ಕಂಡುಹಿಡಿಯದೆ "ಇವತ್ತು ಐದು ಲಕ್ಷ ಆಯಿತು" ಎಂದರೆ ಅದು ಹೆಚ್ಚೋ ಕಡಿಮೆಯೋ ಹೇಳಲಾಗುವುದಿಲ್ಲ. ಬೇರೆ ಷೇರಿನ ವಾಲ್ಯೂಮ್‌ಗೆ ಹೋಲಿಸುವುದಂತೂ ರಾಶಿ ಅಡಿಕೆಯ ಆವಕಕ್ಕೆ ಬೆಟ್ಟೆ ಅಡಿಕೆಯ ಆವಕ ಹೋಲಿಸಿದ ಹಾಗೆ. ಹೆಚ್ಚಿನವರು ಕಳೆದ 20 ದಿನಗಳ ಸರಾಸರಿ ಹಾಕುತ್ತಾರೆ, ಚಾರ್ಟಿನಲ್ಲಿ ಅದು ಗೆರೆಯಾಗಿಯೇ ಬರುತ್ತದೆ. ನನಗೆ ಸರಾಸರಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾವುದೋ ಒಂದು ದಿನ ಹತ್ತು ಪಟ್ಟು ವಹಿವಾಟು ಆಗಿಬಿಟ್ಟರೆ ಆಮೇಲಿನ 20 ದಿನವೂ ಸರಾಸರಿ ಉಬ್ಬಿಕೊಂಡೇ ಇರುತ್ತದೆ, ನಿಜವಾಗಿ ಹೆಚ್ಚಾದ ದಿನವೂ ಸಪ್ಪೆ ಕಾಣುತ್ತದೆ. ನಾನು 20 ದಿನಗಳ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಹತ್ತನೆಯದು, ಹನ್ನೊಂದನೆಯದು ಎರಡರ ನಡುವಿನದನ್ನು ಹಿಡಿಯುತ್ತೇನೆ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರಗಳ ಜೊತೆ ಮಾದರಿ ದರ ಅಂತ ಒಂದು ಕೊಡುತ್ತಾರಲ್ಲ, ತಿಳಿದ ರೈತ ಅದನ್ನೇ ನೋಡುತ್ತಾನೆ. ಅದೇ ಬುದ್ಧಿ ಇಲ್ಲೂ. ಮಗಳು ಸ್ಪ್ರೆಡ್‌ಶೀಟಿನಲ್ಲಿ ಮೀಡಿಯನ್ ಎಂಬ ಒಂದೇ ಸೂತ್ರ ಹಾಕಿಕೊಟ್ಟ ಮೇಲೆ ಈ ಜೋಡಿಸುವ ಕೆಲಸವೂ ತಪ್ಪಿತು.

ಇವತ್ತಿನ ವಾಲ್ಯೂಮನ್ನು ಈ ವಾಡಿಕೆಯಿಂದ ಭಾಗಿಸಿ. ಒಂದರ ಆಸುಪಾಸು ಬಂದರೆ ಮಾಮೂಲು ದಿನ. ಅರ್ಧಕ್ಕಿಂತ ಕೆಳಗೆ ಬಂದರೆ ಒಣ ದಿನ. ಎರಡೂವರೆ ದಾಟಿದರೆ ಪೆನ್ಸಿಲ್ ಎತ್ತಿಕೊಂಡು ಕಾರಣ ಹುಡುಕುತ್ತೇನೆ. ಎರಡೂವರೆ ಎಂಬುದು ಶಾಸ್ತ್ರವಲ್ಲ, ನನಗೆ ಒಗ್ಗಿದ ಅಳತೆ. ಒಂದು ಎಚ್ಚರ: ಮಧ್ಯಾಹ್ನ ಹನ್ನೆರಡಕ್ಕೆ ಮೊಬೈಲ್ ತೆಗೆದು ಅಷ್ಟು ಹೊತ್ತಿನ ವಾಲ್ಯೂಮನ್ನು ಇಡೀ ದಿನದ ವಾಡಿಕೆಗೆ ಹೋಲಿಸಬೇಡಿ. ಪೇಟೆ 9:15ರಿಂದ 3:30ರವರೆಗೆ. ಬೆಳಗಿನ ಮೊದಲ ತಾಸು ಮತ್ತು ಕೊನೆಯ ಅರ್ಧ ತಾಸಿನಲ್ಲಿ ಗಲಾಟೆ ಜಾಸ್ತಿ, ನಡುವೆ ಊಟದ ಹೊತ್ತಿನ ಜೊಂಪು.

ಇನ್ನು ಓದುವ ವಿಷಯ. ಪುಸ್ತಕಗಳಲ್ಲಿ ನಾಲ್ಕು ಮನೆಯ ಒಂದು ಪಟ್ಟಿ ಇರುತ್ತದೆ: ದರ ಏರಿ ವಾಲ್ಯೂಮ್ ಏರಿದರೆ ಒಳ್ಳೆಯದು, ದರ ಏರಿ ವಾಲ್ಯೂಮ್ ಇಳಿದರೆ ಅನುಮಾನ, ಹೀಗೆ. ಅಮೆರಿಕದ ಚಾರ್ಲ್ಸ್ ಡೋ ಕಾಲದಿಂದ, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದ, ದರದ ನಡೆಗೆ ವಾಲ್ಯೂಮ್ ಸಾಕ್ಷಿ ಹೇಳಬೇಕು ಎಂಬ ಮಾತು ನಡೆದು ಬಂದಿದೆ. ಪಟ್ಟಿ ತಪ್ಪಲ್ಲ. ಆದರೆ ಒಂದೊಂದೇ ದಿನವನ್ನು ಹಿಡಿದು ಆ ಮನೆಗಳಿಗೆ ತುಂಬಿದರೆ ಏನೂ ತಿಳಿಯುವುದಿಲ್ಲ. ಮೂರು, ನಾಲ್ಕು ವಾರದ ಸಾಲನ್ನು ಒಟ್ಟಿಗೆ ಓದಬೇಕು. ನನ್ನ ಪುಸ್ತಕದ ಒಂದು ಪುಟವನ್ನೇ ತೆರೆದು ತೋರಿಸುತ್ತೇನೆ. ಕಂಪನಿ ಹೆಸರು ಬೇಡ, ಪಂಪು ಮಾಡುವ ಒಂದು ಮಧ್ಯಮ ಗಾತ್ರದ ಕಂಪನಿ ಎಂದಿಟ್ಟುಕೊಳ್ಳಿ.

ಏಳು ವಾರ ಅದರ ದರ 412ರಿಂದ 438ರ ನಡುವೆಯೇ ಓಡಾಡಿಕೊಂಡಿತ್ತು. ವಾಡಿಕೆಯ ವಾಲ್ಯೂಮ್ 1.8 ಲಕ್ಷ. ಕೊನೆಯ ಎರಡು ವಾರ ಅದೂ ಕರಗಿ ಒಂದು ಲಕ್ಷದ ಹತ್ತಿರ ಬಂದಿತ್ತು. ಮಾರಬೇಕಾದವರು ಹೆಚ್ಚುಕಡಿಮೆ ಮಾರಿ ಮುಗಿಸಿದ್ದಾರೆ ಎಂದು ಅಂಚಿನಲ್ಲಿ ಬರೆದುಕೊಂಡಿದ್ದೇನೆ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ಒಂದು ಬುಧವಾರ 438 ದಾಟಿ 446ಕ್ಕೆ ಮುಗಿಯಿತು. ವಾಲ್ಯೂಮ್ 5.9 ಲಕ್ಷ, ವಾಡಿಕೆಯ ಮೂರು ಪಟ್ಟಿಗಿಂತ ಹೆಚ್ಚು. ಡೆಲಿವರಿ 54%. ಆ ದಿನ ನಾನು ಕೊಳ್ಳಲಿಲ್ಲ. ಎಲ್ಲರೂ ಓಡುವಾಗ ಓಡಿದರೆ ಏದುಸಿರು ಬರುವುದು ನಮಗೇ.

ನನಗೆ ಆ ಏರಿದ ದಿನಕ್ಕಿಂತ ಅದರ ಮರುದಿನಗಳೇ ಮುಖ್ಯ. ಗುರುವಾರ ದರ 441, ವಾಲ್ಯೂಮ್ 1.6 ಲಕ್ಷ. ಶುಕ್ರವಾರ 439, 1.1 ಲಕ್ಷ. ಸೋಮವಾರ 443, 90 ಸಾವಿರ. ದರ ಸ್ವಲ್ಪ ಇಳಿಯಿತು, ಆದರೆ ಹಳೆಯ ತಲೆಮಟ್ಟವಾದ 438ರ ಕೆಳಗೆ ಮುಗಿಯಲಿಲ್ಲ. ವಾಲ್ಯೂಮ್ ದಿನದಿಂದ ದಿನಕ್ಕೆ ಒಣಗಿತು. ಬುಧವಾರ ಕೊಂಡ ಆರು ಲಕ್ಷದ ಗುಂಪಿನಲ್ಲಿ ಮಾರಿ ಹೋಗುವ ಆತುರ ಯಾರಿಗೂ ಇರಲಿಲ್ಲ ಎಂದು ಇದರ ಅರ್ಥ. ಜಾಸ್ತಿ ವಾಲ್ಯೂಮ್‌ನಲ್ಲಿ ಏರಿಕೆ, ಕಡಿಮೆ ವಾಲ್ಯೂಮ್‌ನಲ್ಲಿ ಇಳಿಕೆ: ಒಂದೇ ಒಂದು ಚಿತ್ರ ಕಲಿಯಿರಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಇದೇ ಇಳಿಕೆ ನಾಲ್ಕು ಲಕ್ಷ, ಐದು ಲಕ್ಷದ ವಾಲ್ಯೂಮ್ ಜೊತೆ ಬಂದಿದ್ದರೆ ಪುಟ ಮಗುಚಿ ಮುಂದಿನ ಷೇರಿಗೆ ಹೋಗುತ್ತಿದ್ದೆ.

ಮಂಗಳವಾರ 444ಕ್ಕೆ ಕೊಂಡೆ. ತಪ್ಪಿದರೆ 428ಕ್ಕೆ ಹೊರಬರುವುದೆಂದು ಮೊದಲೇ ಬರೆದಿಟ್ಟೆ, ಇದಕ್ಕೆ ಸ್ಟಾಪ್ ಎನ್ನುತ್ತಾರೆ. ಷೇರಿಗೆ 16 ರೂಪಾಯಿ ನಷ್ಟದ ಲೆಕ್ಕ. ಒಂದು ವ್ಯವಹಾರದಲ್ಲಿ ನಾನು ಕಳೆದುಕೊಳ್ಳಲು ತಯಾರಿರುವುದು 4,000, ಹಾಗಾಗಿ 250 ಷೇರು. ಎಷ್ಟು ಕೊಳ್ಳಬೇಕು ಎಂಬುದನ್ನು ಈ ಭಾಗಾಕಾರವೇ ಹೇಳುತ್ತದೆ, ಉಮೇದಿಗೆ ಅಲ್ಲಿ ಜಾಗವಿಲ್ಲ.

ಐದು ವಾರದಲ್ಲಿ ಅದು ಏರುತ್ತ 495ಕ್ಕೆ ಬಂತು. ಆಮೇಲಿನ ದಿನದ ಸಾಲು ಹೀಗಿದೆ: ಆರಂಭ 498, ಗರಿಷ್ಠ 511, ಮುಕ್ತಾಯ 496, ವಾಲ್ಯೂಮ್ 9.2 ಲಕ್ಷ. ಇದನ್ನು ಎರಡು ಸಲ ಓದಿ. ವಾಡಿಕೆಯ ಐದು ಪಟ್ಟು ಮಾಲು ಕೈ ಬದಲಾಯಿಸಿತು, ದರ ಮುಂದೆ ಹೋದದ್ದು ಒಂದು ರೂಪಾಯಿ. ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕದ ರಿಚರ್ಡ್ ವೈಕಾಫ್ ಇದನ್ನು ಶ್ರಮ ಮತ್ತು ಫಲ ಎಂದು ಕರೆದ. ಗಾಡಿಗೆ ನಾಲ್ಕು ಎತ್ತು ಕಟ್ಟಿದರೂ ಒಂದು ಮಾರು ಹೋಗಲಿಲ್ಲವೆಂದರೆ ಹಿಂದಿನಿಂದ ಯಾರೋ ಎಳೆಯುತ್ತಿದ್ದಾರೆ. 511ರವರೆಗೆ ಕೊಂಡವರಿಗೆಲ್ಲ ಯಾರೋ ಸಮಾಧಾನವಾಗಿ, ಕೇಳಿದಷ್ಟೂ ಮಾಲು ಕೊಡುತ್ತಲೇ ಇದ್ದರು. ಅಂದು ಸುದ್ದಿ ಬಹಳ ಚೆನ್ನಾಗಿತ್ತು ಎಂಬುದೂ ಅಂಚಿನಲ್ಲಿ ಬರೆದಿದೆ: ದೊಡ್ಡ ಆರ್ಡರ್ ಸಿಕ್ಕಿತು, ಟಿವಿಯಲ್ಲಿ ಬಂತು. ಮರುದಿನ ಅರ್ಧ, 125 ಷೇರು, 491ಕ್ಕೆ ಮಾರಿದೆ. ಉಳಿದರ್ಧಕ್ಕೆ ಆಸೆ ಬಿಡಲಿಲ್ಲ, ಕೊನೆಗೆ 468ಕ್ಕೆ ಹೋಯಿತು. ಒಟ್ಟು ಉಳಿದದ್ದು 8,875. ಅದರಲ್ಲಿ ಕೊಳ್ಳುವಾಗ ಮಾರುವಾಗ ಎರಡೂ ಸಲ 0.1% ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಮೇಲೆ ಅಲ್ಪಾವಧಿ ಲಾಭದ ತೆರಿಗೆ 20%. ದೊಡ್ಡ ಸಂಪಾದನೆಯೇನಲ್ಲ. ಹೀಗೆಯೇ ಚಿತ್ರ ಮೂಡಿ, ನಾನು ಕೊಂಡು, ಮೂರನೇ ದಿನವೇ ಸ್ಟಾಪ್ ತಾಗಿಸಿಕೊಂಡು ಹೊರಬಂದ ಪುಟಗಳೂ ಇದೇ ಪುಸ್ತಕದಲ್ಲಿವೆ. ಐದರಲ್ಲಿ ಎರಡು ಸಲ ಹಾಗಾಗುತ್ತದೆ ಅಂತ ನನ್ನ ಲೆಕ್ಕ.

ಡೆಲಿವರಿ ಅಂದೆನಲ್ಲ. ವಾಲ್ಯೂಮ್‌ನಲ್ಲಿ ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರಿದವರ ಲೆಕ್ಕವೂ ಸೇರಿರುತ್ತದೆ. ಒಂದೇ ಚೀಲ ಒಂದೇ ದಿನ ನಾಲ್ಕು ಅಂಗಡಿ ಸುತ್ತಿದರೆ ನಾಲ್ಕು ಚೀಲ ಎಂದು ಬರೆದ ಹಾಗೆ. ಮನೆಗೆ ಒಯ್ದವರು ಎಷ್ಟು ಎಂಬುದನ್ನು ಡೆಲಿವರಿ ಶೇಕಡಾ ಹೇಳುತ್ತದೆ. ಇದರಲ್ಲೂ ಆ ಷೇರಿನದೇ ವಾಡಿಕೆ ನೋಡಬೇಕು. ಕೆಲವು ಷೇರಿಗೆ 60% ಮಾಮೂಲು, ಕೆಲವಕ್ಕೆ 25%. ವಾಲ್ಯೂಮ್ ಮೂರು ಪಟ್ಟಾದ ದಿನ ಶೇಕಡಾವಾರು ಸ್ವಲ್ಪ ಇಳಿಯುವುದು ಸಹಜ, ಹಾಗಾಗಿ ಶೇಕಡಾ ಬಿಟ್ಟು ಡೆಲಿವರಿಯಾದ ಷೇರುಗಳ ಸಂಖ್ಯೆಯನ್ನೇ ನೋಡಿ. ನನ್ನ ಪಂಪಿನ ಕಂಪನಿಯಲ್ಲಿ 5.9 ಲಕ್ಷದ 54% ಎಂದರೆ ಸುಮಾರು 3.2 ಲಕ್ಷ. ಮಾಮೂಲು ದಿನದ ಇಡೀ ವಾಲ್ಯೂಮ್‌ಗಿಂತ ಹೆಚ್ಚು ಮಾಲು ಮನೆಗೆ ಹೋಗಿತ್ತು. ಒಂದು ವಿನಾಯಿತಿ ನೆನಪಿಡಿ: ಟ್ರೇಡ್ ಟು ಟ್ರೇಡ್ ವಿಭಾಗಕ್ಕೆ ಹಾಕಿದ ಷೇರುಗಳಲ್ಲಿ ಡೆಲಿವರಿ ಕಡ್ಡಾಯ. ಅಲ್ಲಿ 100% ಕಂಡರೆ ಹಿಗ್ಗುವಂಥದ್ದೇನಿಲ್ಲ.

ಈಗ ಸುಳ್ಳು ವಾಲ್ಯೂಮ್. ಹೊಸಬರು ಕಾಲು ಜಾರುವುದು ಇಲ್ಲೇ.

ಬೋನಸ್ ಅಥವಾ ಷೇರು ವಿಭಜನೆಯಾದರೆ ಷೇರುಗಳ ಸಂಖ್ಯೆಯೇ ಹೆಚ್ಚುತ್ತದೆ. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಆಮೇಲೆ ವಾಲ್ಯೂಮ್ ಇಮ್ಮಡಿ ಕಂಡರೆ ಜನರ ಆಸಕ್ತಿ ಇಮ್ಮಡಿಯಾಗಿರಲೇಬೇಕೆಂದಿಲ್ಲ, ಒಂದು ಇದ್ದಲ್ಲಿ ಎರಡು ಆಗಿದೆ. ಒಳ್ಳೆಯ ಚಾರ್ಟುಗಳು ಹಳೆಯದನ್ನು ಸರಿಪಡಿಸಿ ತೋರಿಸುತ್ತವೆ. ಕೈಯಲ್ಲಿ ಬರೆಯುವ ನಮ್ಮಂಥವರು ಹಿಂದಿನ ಪುಟದ ಅಂಕಿಗಳನ್ನು ನಾವೇ ಎರಡರಿಂದ ಗುಣಿಸಬೇಕು. ಇನ್ನು ಬಲ್ಕ್ ಡೀಲ್. ಒಬ್ಬನೇ ಒಂದು ದಿನದಲ್ಲಿ ಕಂಪನಿಯ ಒಟ್ಟು ಷೇರಿನ 0.5%ಗಿಂತ ಹೆಚ್ಚು ಕೊಂಡರೆ ಅಥವಾ ಮಾರಿದರೆ ಅದನ್ನು ಅಂದೇ ಪ್ರಕಟಿಸುತ್ತಾರೆ. ವಾಲ್ಯೂಮ್ ಹಠಾತ್ತನೆ ಉಬ್ಬಿದ ಸಂಜೆ ನಾನು ಮೊದಲು ತೆರೆಯುವುದು ಆ ಪಟ್ಟಿ. ಇಬ್ಬರು ದೊಡ್ಡವರು ತಮ್ಮತಮ್ಮಲ್ಲಿ ಮೂಟೆ ಬದಲಾಯಿಸಿಕೊಂಡದ್ದಾದರೆ ಅದರಲ್ಲಿ ಪೇಟೆಯ ಅಭಿಪ್ರಾಯ ಏನೂ ಇಲ್ಲ. ಐವತ್ತು ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕದ ಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬದಲಾಗುತ್ತದೆ. ಆಗ ಸೇರುವ, ಬಿಡುವ ಷೇರುಗಳನ್ನು ಆ ಪಟ್ಟಿಯನ್ನೇ ಅನುಸರಿಸುವ ಇಂಡೆಕ್ಸ್ ಫಂಡುಗಳು ಇಷ್ಟವಿರಲಿ ಬಿಡಲಿ ಕೊಳ್ಳಬೇಕು, ಮಾರಬೇಕು. ಅದೂ ವಾಲ್ಯೂಮೇ, ಆದರೆ ಅಭಿಪ್ರಾಯವಲ್ಲ, ಹರಕೆ ತೀರಿಸಿದ ಹಾಗೆ. ಫ್ಯೂಚರ್ಸ್, ಆಪ್ಷನ್ಸ್ ಎಂಬ ಮುಂಗಡ ಒಪ್ಪಂದಗಳ ಗಡುವು ಮುಗಿಯುವ ಎಕ್ಸ್‌ಪೈರಿ ದಿನಗಳದ್ದೂ ಇದೇ ಕಥೆ. ದೀಪಾವಳಿಯ ಒಂದು ತಾಸಿನ ಮುಹೂರ್ತ ವಹಿವಾಟಿನ ಅಂಕಿಯನ್ನು ನಾನು ವಾಡಿಕೆಗೆ ಸೇರಿಸುವುದೇ ಇಲ್ಲ. ನಮ್ಮಲ್ಲೂ ಹಾಗೆಯೇ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಇಡೀ ಪೇಟೆ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಇರುತ್ತದೆ. ಆಗ ಟೆಂಡರ್ ಬುಕ್ಕಿನಲ್ಲಿ ಬರೆದದ್ದನ್ನು ಹಿಡಿದು ಯಾವ ದಲಾಲಿಯೂ ಮುಂದಿನ ತಿಂಗಳ ಧಾರಣೆ ಹೇಳಲಾರ.

ಸರ್ಕ್ಯೂಟ್ ಎಂದರೆ ಒಂದು ದಿನದಲ್ಲಿ ದರ ಇದಕ್ಕಿಂತ ಹೆಚ್ಚು ಏರಬಾರದು (ಅಪ್ಪರ್), ಇಳಿಯಬಾರದು (ಲೋವರ್) ಎಂಬ ಮಿತಿ. ಅದರ ವಿಷಯ ನಾನು ದುಡ್ಡು ಕೊಟ್ಟು ಕಲಿತದ್ದು. 2021. ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಸೇರಿಸಿದ್ದರು. ಕೆಮಿಕಲ್ಸ್ ಎಂದು ಹೆಸರಿನಲ್ಲಿದ್ದ ಒಂದು ಪುಟ್ಟ ಕಂಪನಿ ದಿನಾ 5% ಅಪ್ಪರ್ ಸರ್ಕ್ಯೂಟ್. ವಾಲ್ಯೂಮ್ ನೋಡಿದರೆ ದಿನಕ್ಕೆ ಎರಡು ಸಾವಿರ, ಮೂರು ಸಾವಿರ ಷೇರು. ಮಾರುವವರೇ ಇಲ್ಲ, ಅಷ್ಟು ಗಟ್ಟಿ ಮಾಲು ಎಂದು ಗುಂಪಿನಲ್ಲಿ ವಿವರಣೆ. ನನ್ನ ಯಜಮಾನರು ಇದ್ದಿದ್ದರೆ ಕನ್ನಡಕ ಹಣೆಗೇರಿಸುತ್ತಿದ್ದರು. ನಾಲ್ಕು ಚೀಲದ ದರ ಎಂದು ನನಗೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹನ್ನೊಂದು ದಿನ ಬೆಳಿಗ್ಗೆ ಎದ್ದು ಆರ್ಡರ್ ಹಾಕಿದೆ, ಸಿಗಲಿಲ್ಲ. ಹನ್ನೆರಡನೇ ದಿನ 118ಕ್ಕೆ ಸಾವಿರ ಷೇರು ಸಿಕ್ಕಿತು. ಕಾಫಿ ಕುಡಿಯುತ್ತ ಖುಷಿಯಿಂದ ನೋಡಿದರೆ ಆ ದಿನದ ವಾಲ್ಯೂಮ್ 14 ಲಕ್ಷ. ಹನ್ನೊಂದು ದಿನ ಮುಚ್ಚಿದ್ದ ಬಾಗಿಲು ನನಗೊಬ್ಬನಿಗೆ ಯಾಕೆ ತೆರೆಯಿತು ಎಂದು ಆ ಕ್ಷಣಕ್ಕೆ ಅನಿಸಲಿಲ್ಲ. ಮಾಲು ಒಳಗಿದ್ದವರು ಅವತ್ತೇ ಎಲ್ಲವನ್ನೂ ಹೊರಗೆ ಹಾಕಿದ್ದರು. ಮರುದಿನದಿಂದ 5% ಲೋವರ್ ಸರ್ಕ್ಯೂಟ್. ಮಾರುತ್ತೇನೆಂದರೂ ಕೊಳ್ಳುವವರಿಲ್ಲ. ಒಂಬತ್ತು ದಿನ ಹಾಗೆ ಇಳಿಯಿತು, 71ಕ್ಕೆ ಬಿಡುಗಡೆ ಸಿಕ್ಕಿತು. ಹೋದದ್ದು 47,000, ಆಗಿನ ಧಾರಣೆಯಲ್ಲಿ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಚಾಲಿ. ನಲವತ್ತು ನಲವತ್ತೈದು ದಿನ ಅಂಗಳದಲ್ಲಿ ಒಣಗಿಸಿ, ಸುಲಿಸಿ, ಆರಿಸಿ ಸಾಗಿಸಿದ ಚಾಲಿ. ಮನೆಯಲ್ಲಿ ಹೇಳಲು ಎರಡು ತಿಂಗಳು ಬೇಕಾಯಿತು. ಈಗ ನನ್ನ ಕಟ್ಟುಪಾಡು ಇಷ್ಟು: ನಾನು ಕೊಳ್ಳುವುದು ಆ ಷೇರಿನ ವಾಡಿಕೆಯ ದಿನದ ವಾಲ್ಯೂಮ್‌ನ ನೂರರಲ್ಲಿ ಒಂದು ಪಾಲನ್ನೂ ಮೀರಬಾರದು. ಹೊರಬರಲು ಬಾಗಿಲು ಇದೆಯೋ ಇಲ್ಲವೋ ಒಳಹೋಗುವ ಮೊದಲೇ ತಿಳಿಯುತ್ತದೆ.

ಬೀಳುವ ಪೇಟೆಯಲ್ಲಿ ವಾಲ್ಯೂಮ್ ಓದುವುದು ಇನ್ನೂ ಕಷ್ಟ. ಒಂದು ದಿನ ವಿಪರೀತ ವಾಲ್ಯೂಮ್‌ನಲ್ಲಿ ಕುಸಿದರೆ, ಹೆದರಿದವರೆಲ್ಲ ಮಾರಿ ಮುಗಿಸಿದರು, ಇನ್ನು ಏರಿಕೆಯೇ ಎನ್ನುವ ಪಾಠವಿದೆ. 2024ರ ಜೂನ್ 4, ಲೋಕಸಭೆ ಮತ ಎಣಿಕೆಯ ದಿನ, ನಿಫ್ಟಿ ಸುಮಾರು 6% ಬಿದ್ದು 21,884ಕ್ಕೆ ಮುಗಿಯಿತು. ಮೂರು ದಿನ ಕಳೆದು 7ನೇ ತಾರೀಕಿಗೆ 23,290. ಪಾಠ ಸರಿಯಾಯಿತು. ಆದರೆ 2020ರ ಮಾರ್ಚ್ 12ರಂದು ನಿಫ್ಟಿ 8%ಗಿಂತ ಹೆಚ್ಚು ಬಿದ್ದಾಗಲೂ ಇದೇ ಪಾಠ ಓದಿದವರಿದ್ದರು. 23ಕ್ಕೆ ಅದು ಒಂದೇ ದಿನ 13% ಬಿದ್ದು 7,610ಕ್ಕೆ ಬಂತು. ಹಾಗಾಗಿ ಕುಸಿತದ ದಿನದ ಕಡ್ಡಿ ಎಷ್ಟೇ ಎತ್ತರವಿರಲಿ, ನಾನು ಅಂದು ಏನೂ ಮಾಡುವುದಿಲ್ಲ. ಪೇಟೆ ಮತ್ತೆ ಆ ತಳದ ಹತ್ತಿರ ಬರುವವರೆಗೆ ಕಾಯುತ್ತೇನೆ. ಎರಡನೇ ಸಲ ಅಲ್ಲಿಗೆ ಬಂದಾಗ ವಾಲ್ಯೂಮ್ ಮೊದಲಿನ ಅರ್ಧಕ್ಕಿಂತ ಕಡಿಮೆ ಇದ್ದು, ದರವೂ ತಳ ಒಡೆಯದಿದ್ದರೆ ಆಗ ನೋಡಬಹುದು. ಎಷ್ಟೋ ಸಲ ಎರಡನೇ ಸಲ ಬರುವುದೇ ಇಲ್ಲ, 2024ರ ಜೂನ್‌ನಲ್ಲಿ ಬರಲಿಲ್ಲ. ಆ ಬಸ್ಸು ತಪ್ಪಿತು ಅಷ್ಟೇ. ದೇವಿಕೆರೆಯಲ್ಲಿ ಬಸ್ಸು ತಪ್ಪಿಸಿಕೊಂಡವನಿಗೆ ಹೊಸತೇನಲ್ಲ.

ಸೂಚಕಗಳ ಬಗ್ಗೆ ಎರಡು ಮಾತು ಸಾಕು. ಓಬಿವಿ ಎಂದು ಒಂದಿದೆ. ಜೋಸೆಫ್ ಗ್ರ್ಯಾನ್‌ವಿಲ್ ಎಂಬ ಅಮೆರಿಕದವನು 1963ರಲ್ಲಿ ಜನಪ್ರಿಯಗೊಳಿಸಿದ್ದು. ದರ ಏರಿದ ದಿನದ ವಾಲ್ಯೂಮನ್ನು ಕೂಡು, ಇಳಿದ ದಿನದ್ದನ್ನು ಕಳೆ, ಉಳಿದ ಬಾಕಿಯ ಗೆರೆ ಎಳೆ. ಲೆಕ್ಕ ಬರೆದವನಿಗೆ ಇದು ಜಮಾ ಖರ್ಚು. ದರ ಅಡ್ಡಡ್ಡ ಸಾಗುತ್ತಿದ್ದಾಗ ಈ ಬಾಕಿ ಏರುತ್ತಿದ್ದರೆ ಗಮನ ಕೊಡುತ್ತೇನೆ. ಆದರೆ ದರ ಹತ್ತು ಪೈಸೆ ಏರಿದರೂ ಇಡೀ ದಿನದ ವಾಲ್ಯೂಮ್ ಜಮಾ ಆಗಿಬಿಡುತ್ತದಲ್ಲ, ಆ ಮೊಂಡುತನ ನನಗೆ ಹಿಡಿಸುವುದಿಲ್ಲ. ವಿವ್ಯಾಪ್ ಎಂಬುದು ದಿನದ ತೂಕದ ಸರಾಸರಿ ದರ, ದಿನದೊಳಗೆ ವ್ಯವಹಾರ ಮಾಡುವವರಿಗೆ. ನನಗೆ ಅದರ ಕೆಲಸವಿಲ್ಲ.

ವಾಲ್ಯೂಮ್‌ಗೆ ಕಾಣದ್ದೂ ಇದೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಂಥ ಆದೇಶ ಬರುವ ಹಿಂದಿನ ದಿನದ ವಿಕ್ರಿ ಪುಸ್ತಕವನ್ನು ಎಷ್ಟು ಉಜ್ಜಿ ನೋಡಿದರೂ ಅದು ಹೇಳುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಮೋಸವಿದ್ದರೂ ಹಾಗೆಯೇ. ಆದ್ದರಿಂದಲೇ ಸ್ಟಾಪ್, ಆದ್ದರಿಂದಲೇ 4,000ದ ಮಿತಿ. ಫ್ಯೂಚರ್ಸ್, ಆಪ್ಷನ್ಸ್ ಕಡೆ ವಾಲ್ಯೂಮ್ ನೋಡಿಕೊಂಡು ಹೋಗುತ್ತೇನೆ ಎನ್ನುವ ಹುಡುಗರು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕ ಓದಲಿ: 2021-22ರಿಂದ ಮೂರು ವರ್ಷದಲ್ಲಿ ಅಲ್ಲಿ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ 93% ಮಂದಿಗೆ ನಷ್ಟ. ಅವರೆಲ್ಲರ ಪರದೆಯ ಮೇಲೂ ಈ ಕಡ್ಡಿಗಳು ಇದ್ದೇ ಇದ್ದವು.

ಶುರು ಮಾಡುವವರು ಮೊದಲ ಮೂರು ತಿಂಗಳು ದುಡ್ಡು ಹಾಕದೆ ಬರೆಯಿರಿ. ಸಂಜೆ ಇಪ್ಪತ್ತು ನಿಮಿಷ ಸಾಕು. ತಾರೀಕು, ಮುಕ್ತಾಯ ದರ, ವಾಲ್ಯೂಮ್, ವಾಡಿಕೆಯ ಎಷ್ಟು ಪಟ್ಟು, ಡೆಲಿವರಿ, ಮತ್ತು ಅಂಚಿನಲ್ಲಿ ನಿಮ್ಮ ಅಂದಾಜು ಒಂದು ಸಾಲು. ಅಂದಾಜನ್ನು ಪೆನ್ನಿನಲ್ಲೇ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆದರೆ ಆಮೇಲೆ ಅಳಿಸಿ ಬುದ್ಧಿವಂತರಾಗುವ ಆಸೆ ಬರುತ್ತದೆ. ನನ್ನ ಹಳೆಯ ಪುಸ್ತಕದಲ್ಲಿ ಅಂಥ ಅಳಿಸಿದ ಗುರುತುಗಳು ಬೇಕಾದಷ್ಟಿವೆ.

ಸದ್ಯಕ್ಕೆ ನನ್ನ ಪುಟದಲ್ಲಿ ಒಂದು ಟಯರ್ ಕಂಪನಿ ಇದೆ. ನಾಲ್ಕು ವಾರದಿಂದ ಒಂದೇ ಕಡೆ ಕೂತಿದೆ, ವಾಲ್ಯೂಮ್ ವಾಡಿಕೆಯ ಅರ್ಧಕ್ಕೆ ಇಳಿದಿದೆ. ಅಂಚಿನಲ್ಲಿ "ಒಣಗುತ್ತಿದೆ, ಕಾಯಬೇಕು" ಎಂದು ಬರೆದಿದ್ದೇನೆ. ಮೂರು ದಿನದಿಂದ ಕರೆಂಟಿಲ್ಲ, ಇವತ್ತಿನ ಅಂಕಿ ಇನ್ನೂ ತುಂಬಿಲ್ಲ. ಮಳೆ ಸ್ವಲ್ಪ ಹೊಳವಾದರೆ ಬೆಟ್ಟ ಹತ್ತಿ ನೋಡಿಬರಬೇಕು.